ಒಂದು ವರ್ಷ ಹತ್ತು ತಿಂಗಳ ಮಗಳ ಮೇಲಿನ ಹಲ್ಲಿನಲ್ಲಿ ಬಿಳಿ ಗೆರೆ, ಒಂದರಲ್ಲಿ ಕಂದು ಚುಕ್ಕೆ. ಈಗ ಏನು ಮಾಡಬೇಕು?

ಹೊಸನಗರ ಕಡೆಯ ಅಮ್ಮ

ಎಲ್ಲರಿಗೂ ನಮಸ್ಕಾರ. ನಮ್ಮದು ಹೊಸನಗರ ತಾಲೂಕಿನ ಹಳ್ಳಿ. ಮಗಳ ಮೇಲಿನ ನಾಲ್ಕು ಮುಂದಿನ ಹಲ್ಲುಗಳಲ್ಲಿ, ಒಸಡಿಗೆ ತಾಗಿದಂತೆ, ಹೊಳಪಿಲ್ಲದ ಬಿಳಿ ಗೆರೆ ಕಾಣುತ್ತಿದೆ. ಬಲಗಡೆಯ ಒಂದು ಹಲ್ಲಿನಲ್ಲಿ ಆ ಗೆರೆಯ ಮಧ್ಯೆ ಸಾಸಿವೆ ಕಾಳಿನಷ್ಟು ಕಂದು ಚುಕ್ಕೆ ಇದೆ. ಬಟ್ಟೆಯಿಂದ ಒರೆಸಿದರೂ ಹೋಗುವುದಿಲ್ಲ. ಕೆಳಗಿನ ಹಲ್ಲುಗಳು ಚೆನ್ನಾಗಿಯೇ ಇವೆ. ಊಟ ಮಾಡುತ್ತಾಳೆ, ಆಡುತ್ತಾಳೆ. ತಣ್ಣನೆಯ ನೀರು ಕುಡಿದಾಗ ಮಾತ್ರ ಒಮ್ಮೊಮ್ಮೆ ಮುಖ ಹಿಂಡುತ್ತಾಳೆ.

ಅವಳು ಏನೇನು ತಿನ್ನುತ್ತಾಳೆ ಅಂತ ಹೇಳಿಬಿಡುತ್ತೇನೆ, ಕೇಳುತ್ತೀರಿ ಅಂತ ಗೊತ್ತು. ಬೆಳಿಗ್ಗೆ ಬೆಲ್ಲ ಹಾಕಿದ ರಾಗಿ ಮಣ್ಣಿ. ಆಮೇಲೆ ಬಿಸ್ಕೆಟ್, ಅದು ಕೈಯಲ್ಲೇ ಇರುತ್ತದೆ, ಓಡಾಡುತ್ತಾ ಚೀಪುತ್ತಾಳೆ. ಮಧ್ಯಾಹ್ನ ಅನ್ನ, ತಿಳಿಸಾರು, ತುಪ್ಪ. ಸಂಜೆ ಬಾಳೆಹಣ್ಣು, ಇಲ್ಲದಿದ್ದರೆ ದೋಸೆಗೆ ಜೋನಿ ಬೆಲ್ಲ. ರಾತ್ರಿ ಬಾಟಲಿಯಲ್ಲಿ ಸಕ್ಕರೆ ಹಾಕಿದ ಹಾಲು. ಕುಡಿಯುತ್ತಲೇ ನಿದ್ದೆ ಮಾಡುತ್ತಾಳೆ. ಈಗ ಅಡಿಕೆ ಕೊಯ್ಲು ನಡೆಯುತ್ತಿದೆ. ರಾತ್ರಿ ಮೆಟ್ಟುಗತ್ತಿ ಮುಂದೆ ಕೂತರೆ ಸುಲಿದು ಮುಗಿಯುವವರೆಗೂ ಏಳುವ ಹಾಗಿಲ್ಲ, ಅದಕ್ಕೆ ಅತ್ತೆಯೇ ಅವಳನ್ನು ಮಲಗಿಸುತ್ತಾರೆ. ನಡುರಾತ್ರಿ ಎದ್ದರೆ ನಾನು ಎದೆಹಾಲು ಕೊಡುತ್ತೇನೆ.

ಮನೆಯಲ್ಲಿ ಎಲ್ಲರೂ "ಹಾಲುಹಲ್ಲು, ಹೇಗೂ ಬಿದ್ದು ಹೋಗುತ್ತದೆ, ಸುಮ್ನೆ ಬಿಡು" ಅನ್ನುತ್ತಾರೆ. ಪಕ್ಕದ ಮನೆಯವರು ಗುಳ್ಳದ (ಬದನೆ ಜಾತಿಯ ಗಿಡ) ಬೀಜದ ಹೊಗೆ ಹಿಡಿಸಿದರೆ ಹುಳ ಬಿದ್ದುಹೋಗುತ್ತದೆ ಅನ್ನುತ್ತಾರೆ. ನನಗೆ ಸುಮ್ಮನೆ ಕೂರಲು ಮನಸ್ಸಿಲ್ಲ, ಹೊಗೆ ಹಿಡಿಸಲೂ ಧೈರ್ಯ ಇಲ್ಲ.

ಇದು ಹುಳುಕೇ ಹೌದಾ? ಇಷ್ಟು ಚಿಕ್ಕ ಮಗುವಿಗೆ ಫ್ಲೋರೈಡ್ ಇರುವ ಪೇಸ್ಟ್ ಹಾಕಬಹುದಾ? ರಾತ್ರಿ ಎದೆಹಾಲು ನಿಲ್ಲಿಸಲೇಬೇಕಾ? ಶಿವಮೊಗ್ಗಕ್ಕೆ ಹೋದರೆ ಇವಳ ವಯಸ್ಸಿಗೆ ಏನಾದರೂ ಮಾಡುತ್ತಾರಾ, ಅಥವಾ "ದೊಡ್ಡವಳಾಗಲಿ" ಅಂತ ವಾಪಸ್ ಕಳಿಸುತ್ತಾರಾ?

ತುಂಗಾತೀರ, ತೀರ್ಥಹಳ್ಳಿ

ಅಕ್ಕ, ಕಾಯಬೇಡಿ. ನನ್ನ ಮಗನಿಗೂ ಎರಡು ವರ್ಷದ ಒಳಗೇ ಹೀಗೆ ಶುರುವಾಗಿತ್ತು. ಒಂದು ಕ್ಲಿನಿಕ್‌ಗೆ ಕರೆದುಕೊಂಡು ಹೋದೆವು. ಅಲ್ಲಿ ಬಾಯಿಯನ್ನು ಸರಿಯಾಗಿ ತೆರೆಸಿಯೂ ನೋಡಲಿಲ್ಲ. ಬೀಳುವ ಹಲ್ಲಿಗೆ ಯಾಕೆ ಖರ್ಚು ಅಂದರು. ಮೂರು ವರ್ಷ ತುಂಬುವಷ್ಟರಲ್ಲಿ ಹಿಂದಿನ ದವಡೆ ಹಲ್ಲಿಗೂ ಹರಡಿ, ಒಂದು ರಾತ್ರಿ ಕೆನ್ನೆ ಊದಿಕೊಂಡಿತು. ಜ್ವರ ಬೇರೆ. ಆಮೇಲೆ ಮಕ್ಕಳ ಹಲ್ಲಿನ ಡಾಕ್ಟರ್ ಹತ್ತಿರ ಹೋಗಿ, ಬೇರಿನ ಚಿಕಿತ್ಸೆ ಮಾಡಿಸಿ ಸ್ಟೀಲ್ ಕ್ಯಾಪ್ ಹಾಕಿಸಿದೆವು. ಈಗ ಚಕ್ಕುಲಿ ಕೂಡ ಕಡಿದು ತಿನ್ನುತ್ತಾನೆ.

ಸಾಮಾನ್ಯ ಹಲ್ಲಿನ ಡಾಕ್ಟರ್ ಬೇರೆ, ಮಕ್ಕಳ ಹಲ್ಲಿಗೇ ಅಂತ ಓದಿದವರು ಬೇರೆ. ಫೋನ್ ಮಾಡುವಾಗಲೇ ಅದನ್ನು ಕೇಳಿಕೊಳ್ಳಿ.

ಮಕ್ಕಳ ಹಲ್ಲಿನ ಡಾಕ್ಟರ್, ಶಿವಮೊಗ್ಗ

ನಾನು ಇದೇ ಕೆಲಸ ಮಾಡುವವಳು. ಹುಟ್ಟೂರು ಕೊಪ್ಪದ ಹತ್ತಿರ, ಹಾಗಾಗಿ ಕೊಯ್ಲಿನ ರಾತ್ರಿಗಳು ನನಗೂ ಚೆನ್ನಾಗಿ ಗೊತ್ತು. ಬಾಯಿ ನೋಡದೆ ಖಚಿತವಾಗಿ ಹೇಳುವುದು ಸರಿಯಲ್ಲ. ಆದರೆ ನೀವು ಬರೆದ ಜಾಗ, ಬಣ್ಣ, ಕೆಳಗಿನ ಹಲ್ಲು ಚೆನ್ನಾಗಿರುವುದು, ಎಲ್ಲ ಸೇರಿಸಿದರೆ ಇದು ಹುಳುಕಿನ ಆರಂಭ ಎಂದೇ ಅನ್ನಿಸುತ್ತದೆ. ನೀವು ಬೇಗ ಗಮನಿಸಿದ್ದೀರಿ. ಹೆಚ್ಚಿನ ಮನೆಗಳಲ್ಲಿ ಹಲ್ಲು ಮುರಿದು ಕಪ್ಪಾದ ಮೇಲೆಯೇ ಕಣ್ಣಿಗೆ ಬೀಳುತ್ತದೆ, ಯಾಕೆಂದರೆ ಮಗುವಿನ ಮೇಲ್ತುಟಿಯನ್ನು ಎತ್ತಿ ನೋಡುವ ಅಭ್ಯಾಸ ನಮ್ಮಲ್ಲಿ ಇಲ್ಲ.

ಮೇಲಿನ ಹಲ್ಲಿಗೇ ಯಾಕೆ ಬಂತು ಅಂದರೆ, ಬಾಟಲಿ ಚೀಪುವಾಗ ನಾಲಿಗೆ ಮುಂದೆ ಬಂದು ಕೆಳಗಿನ ಹಲ್ಲುಗಳನ್ನು ಮುಚ್ಚಿಕೊಳ್ಳುತ್ತದೆ. ನಾಲಿಗೆಯ ಅಡಿಯಿಂದ ಬರುವ ಜೊಲ್ಲೂ ಅಲ್ಲಿಯೇ ತುಂಬಿರುತ್ತದೆ. ಮೇಲಿನ ಹಲ್ಲುಗಳಿಗೆ ಈ ಎರಡು ಕಾವಲೂ ಇಲ್ಲ. ನಿದ್ದೆ ಬಂದ ಮೇಲೆ ಜೊಲ್ಲು ಊರುವುದೇ ಕಡಿಮೆ, ನುಂಗುವುದೂ ಕಡಿಮೆ. ಸಕ್ಕರೆ ಹಾಲು ತುಟಿ ಮತ್ತು ಹಲ್ಲಿನ ಸಂದಿಯಲ್ಲಿ ಹಾಗೇ ನಿಲ್ಲುತ್ತದೆ. ಬಾಯಲ್ಲಿರುವ ಬ್ಯಾಕ್ಟೀರಿಯಾ ಅದನ್ನು ಆಮ್ಲ ಮಾಡುತ್ತವೆ, ಆಮ್ಲ ಹಲ್ಲಿನ ಹೊರಪದರದ ಖನಿಜವನ್ನು ಕರಗಿಸುತ್ತದೆ. ಹಾಲುಹಲ್ಲಿನ ಹೊರಪದರದ ದಪ್ಪ ದೊಡ್ಡವರ ಹಲ್ಲಿನ ಸುಮಾರು ಅರ್ಧದಷ್ಟು. ದೊಡ್ಡವರಲ್ಲಿ ವರ್ಷಗಟ್ಟಲೆ ಹಿಡಿಯುವ ಹುಳುಕು ಮಕ್ಕಳಲ್ಲಿ ಕೆಲವೇ ತಿಂಗಳಲ್ಲಿ ನರದವರೆಗೆ ಹೋಗಬಹುದು.

ಬಿಳಿ ಗೆರೆ ಅಂದರೆ ಖನಿಜ ಕರಗಿದೆ, ಆದರೆ ತೂತು ಬಿದ್ದಿಲ್ಲ. ಈ ಹಂತದಲ್ಲಿ ಹಲ್ಲು ಮತ್ತೆ ಗಟ್ಟಿಯಾಗಬಲ್ಲದು. ಕೊರೆಯುವುದು ಬೇಡ, ಇಂಜೆಕ್ಷನ್ ಬೇಡ. ಕಂದು ಚುಕ್ಕೆ ಮೃದುವಾಗಿದೆಯಾ, ಗುಂಡಿ ಬಿದ್ದಿದೆಯಾ ಅಂತ ನೋಡಬೇಕು. ತಣ್ಣೀರಿಗೆ ಮುಖ ಹಿಂಡುತ್ತಾಳೆ ಅಂದಿರಿ, ಅದಕ್ಕೇ ತಡ ಮಾಡಬೇಡಿ ಅನ್ನುತ್ತಿದ್ದೇನೆ.

"ಬಿದ್ದು ಹೋಗುವ ಹಲ್ಲು" ಅನ್ನುವ ಮಾತಿನಿಂದ ಎಷ್ಟು ಮಕ್ಕಳು ನೋವು ತಿನ್ನುತ್ತಿದ್ದಾರೆ ಅಂತ ನೆನೆದರೆ ಹೊಟ್ಟೆ ಉರಿಯುತ್ತದೆ. ಮುಂದಿನ ಹಾಲುಹಲ್ಲು ಬೀಳುವುದು ಆರರಿಂದ ಎಂಟನೇ ವರ್ಷದಲ್ಲಿ. ಹಿಂದಿನ ದವಡೆ ಹಾಲುಹಲ್ಲು ಬೀಳುವುದು ಹತ್ತರಿಂದ ಹನ್ನೆರಡನೇ ವರ್ಷದಲ್ಲಿ. ಅಷ್ಟು ವರ್ಷ ಈ ಮಗು ಅದರಲ್ಲೇ ಅಗಿಯಬೇಕಲ್ವಾ? ಹಾಲುಹಲ್ಲಿನ ಬೇರಿನ ಕೆಳಗೇ ಮುಂದಿನ ಶಾಶ್ವತ ಹಲ್ಲು ಬೆಳೆಯುತ್ತಿರುತ್ತದೆ. ಮೇಲೆ ಕೀವಾದರೆ ಆ ಹಲ್ಲಿಗೂ ಕಲೆ, ಕುಳಿ ಬೀಳಬಹುದು. ದವಡೆ ಹಲ್ಲನ್ನು ಬೇಗ ಕಿತ್ತರೆ ಪಕ್ಕದ್ದು ಆ ಜಾಗಕ್ಕೆ ವಾಲುತ್ತದೆ, ಆಮೇಲೆ ಬರುವ ಹಲ್ಲಿಗೆ ಜಾಗವಿಲ್ಲದೆ ಸೊಟ್ಟಗೆ ಬರುತ್ತದೆ. ಇದೆಲ್ಲಕ್ಕಿಂತ ಮೊದಲು, ನೋವಿರುವ ಮಗು ಸರಿಯಾಗಿ ತಿನ್ನುವುದಿಲ್ಲ, ನಿದ್ದೆ ಮಾಡುವುದಿಲ್ಲ. ಹೇಳಿಕೊಳ್ಳಲು ಅದಕ್ಕೆ ಮಾತೂ ಇರುವುದಿಲ್ಲ.

ಹೊಗೆ ಖಂಡಿತ ಬೇಡ. ಹುಳುಕಿನ ತೂತಿನಲ್ಲಿ ಹುಳ ಇರುವುದೇ ಇಲ್ಲ. ಹೊಗೆ ಹಿಡಿದ ಮೇಲೆ ಉದುರಿ ಬೀಳುವುದು ಆ ಬೀಜದ ಒಳಗಿನ ಚೂರುಗಳು. ಚಿಕ್ಕ ಮಗುವಿನ ಬಾಯಿ, ಗಂಟಲು, ಕಣ್ಣು ಸುಡುವ ಅಪಾಯ ಮಾತ್ರ ನಿಜ. ಲವಂಗದ ಎಣ್ಣೆಯನ್ನೂ ಹಾಕಬೇಡಿ, ಒಸಡು ಸುಡುತ್ತದೆ. ಅಂಗಡಿಯಲ್ಲಿ ಸಿಗುವ, ಬೆಂಜೊಕೇನ್ ಇರುವ ಮರಗಟ್ಟಿಸುವ ಜೆಲ್‌ಗಳೂ ಎರಡು ವರ್ಷದೊಳಗಿನ ಮಕ್ಕಳಿಗೆ ಸಲ್ಲ.

ಪೇಸ್ಟ್ ವಿಷಯ. ಫ್ಲೋರೈಡ್ ಅಂದರೆ ಹಲ್ಲಿನ ಹೊರಪದರವನ್ನು ಗಟ್ಟಿ ಮಾಡುವ ಖನಿಜ. ಹಾಕಬಹುದು ಅಲ್ಲ, ಹಾಕಲೇಬೇಕು. ಮೊದಲ ಹಲ್ಲು ಬಂದ ದಿನದಿಂದಲೇ. ಮೂರು ವರ್ಷದವರೆಗೆ ಒಂದು ಅಕ್ಕಿ ಕಾಳಿನಷ್ಟು, ಮೂರರಿಂದ ಆರು ವರ್ಷದವರೆಗೆ ಬಟಾಣಿ ಕಾಳಿನಷ್ಟು. ಟಿವಿ ಜಾಹೀರಾತಿನಲ್ಲಿ ಬ್ರಷ್ ತುಂಬ ಹಾಕುತ್ತಾರಲ್ಲ, ಅದು ಮಕ್ಕಳಿಗೆ ಬೇಡವೇ ಬೇಡ. ಅಕ್ಕಿ ಕಾಳಿನಷ್ಟನ್ನು ಮಗು ನುಂಗಿದರೂ ಒಳಗೆ ಹೋಗುವ ಫ್ಲೋರೈಡ್ ಸುಮಾರು 0.1 ಮಿಲಿಗ್ರಾಂ, ಹೆದರಬೇಕಿಲ್ಲ. ಉಗುಳಲು ಬರದಿದ್ದರೆ ಬಟ್ಟೆಯಿಂದ ಒರೆಸಿದರೆ ಸಾಕು, ನೀರು ಹಾಕಿ ತೊಳೆಯಬೇಡಿ. ಡಬ್ಬಿ ಹಿಂದೆ ಫ್ಲೋರೈಡ್ 1000 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ ಸಾವಿರ ಪಾಲು) ಅಂತ ಇದೆಯಾ ನೋಡಿ ತನ್ನಿ. ನಮ್ಮ ದೇಶದ ನಿಯಮದ ಪ್ರಕಾರ ಪೇಸ್ಟ್‌ನಲ್ಲಿ ಅದಕ್ಕಿಂತ ಜಾಸ್ತಿ ಇರುವಂತಿಲ್ಲ. ಗೊಂಬೆ ಚಿತ್ರ ಹಾಕಿ ಮಾರುವ ಎಷ್ಟೋ ಪೇಸ್ಟ್‌ಗಳಲ್ಲಿ ಫ್ಲೋರೈಡ್ ಇರುವುದೇ ಇಲ್ಲ, ಅಥವಾ ಅರ್ಧದಷ್ಟು ಇರುತ್ತದೆ. ಚಿತ್ರ ನೋಡಿ ಮೋಸ ಹೋಗಬೇಡಿ. ಇದ್ದಿಲು, ಉಪ್ಪು ಇವು ಹೊರಪದರವನ್ನು ಸವೆಸುತ್ತವೆ ಅಷ್ಟೇ.

ಫ್ಲೋರೈಡ್ ಅಂದ ಕೂಡಲೇ ಹಲ್ಲು ಹಳದಿಯಾಗುತ್ತದೆ, ಮೂಳೆ ಸೊಟ್ಟಗಾಗುತ್ತದೆ ಅಂತ ಹೆದರುವವರಿದ್ದಾರೆ. ಅದು ಪಾವಗಡ, ಬಾಗೇಪಲ್ಲಿ ಕಡೆ ಆಳದ ಬೋರ್‌ವೆಲ್ ನೀರನ್ನು ವರ್ಷಾನುಗಟ್ಟಲೆ ಕುಡಿದು ಬರುವ ತೊಂದರೆ. ಗುಡ್ಡದಿಂದ ಹರಿದು ಬರುವ ಅಬ್ಬಿ ನೀರು, ತೆರೆದ ಬಾವಿ ನೀರು ಕುಡಿಯುವ ಮನೆಗೂ ಅದಕ್ಕೂ ಸಂಬಂಧ ಇಲ್ಲ. ನಿಮ್ಮ ಮನೆಯದು ಬೋರ್‌ವೆಲ್ ಆದರೆ ಒಮ್ಮೆ ನೀರು ಪರೀಕ್ಷೆ ಮಾಡಿಸಿ.

ಉಜ್ಜುವ ರೀತಿ ಹೇಳುತ್ತೇನೆ, ಇದನ್ನು ಇವತ್ತು ರಾತ್ರಿಯೇ ಮಾಡಿ. ನೀವು, ಅತ್ತೆ ಎದುರುಬದುರು ಮೊಣಕಾಲು ತಾಗಿಸಿ ಕೂತುಕೊಳ್ಳಿ. ಮಗುವಿನ ತಲೆ ನಿಮ್ಮ ತೊಡೆಯ ಮೇಲೆ, ಕಾಲು ಅತ್ತೆಯ ಸೊಂಟದ ಎರಡು ಪಕ್ಕಕ್ಕೆ. ಅವಳಿಗೆ ಅಜ್ಜಿಯ ಮುಖ ಕಾಣುತ್ತಿರುತ್ತದೆ, ಕೈಗಳನ್ನು ಅಜ್ಜಿ ಹಿಡಿದುಕೊಳ್ಳಲಿ. ನಿಮ್ಮ ಎಡಗೈ ತೋರುಬೆರಳಿನಿಂದ ಮೇಲ್ತುಟಿ ಎತ್ತಿ. ತುಟಿಯ ನಡುವೆ, ಒಸಡಿಗೆ ಅಂಟಿದ ತೆಳ್ಳಗಿನ ಪೊರೆ ಕಾಣುತ್ತದೆ. ಅದರ ಮೇಲೆ ಬೆರಳನ್ನು ಅಡ್ಡ ಇಟ್ಟುಕೊಳ್ಳಿ. ಬಹಳ ಮಕ್ಕಳು ಹಲ್ಲುಜ್ಜಲು ಕಿರುಚುವುದು ಬ್ರಷ್ ಆ ಪೊರೆಗೆ ತಾಗಿ ನೋಯುವುದರಿಂದ. ಬ್ರಷ್ ಕೂದಲು ಅರ್ಧ ಒಸಡಿನ ಮೇಲೆ, ಅರ್ಧ ಹಲ್ಲಿನ ಮೇಲೆ ಇರಲಿ, ಸಣ್ಣ ಸಣ್ಣದಾಗಿ ಆಡಿಸಿ. ಬಿಳಿ ಗೆರೆ ಇರುವುದು ಅಲ್ಲೇ. ಅತ್ತರೆ ಅಳಲಿ, ಬಾಯಿ ತೆರೆದೇ ಇರುತ್ತದೆ, ಹಿಂದಿನ ಹಲ್ಲುಗಳೂ ಕಾಣುತ್ತವೆ. ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ. ರಾತ್ರಿಯದು ಯಾವ ಕಾರಣಕ್ಕೂ ತಪ್ಪಬಾರದು. ಮಗು ತಾನೇ ಉಜ್ಜುತ್ತೇನೆ ಅಂದರೆ ಕೊಡಿ, ಆಮೇಲೆ ನೀವೊಮ್ಮೆ ಉಜ್ಜಿ. ಏಳೆಂಟು ವರ್ಷದವರೆಗೂ ಮಕ್ಕಳ ಕೈಗೆ ಆ ಹಿಡಿತ ಬರುವುದಿಲ್ಲ.

ರಾತ್ರಿ ಹಾಲನ್ನು ಊಟದ ಜೊತೆಗೇ ಲೋಟದಲ್ಲಿ ಕೊಡಿ, ಸಕ್ಕರೆ ಇಲ್ಲದೆ. ಆಮೇಲೆ ಹಲ್ಲುಜ್ಜಿ. ಉಜ್ಜಿದ ಮೇಲೆ ನೀರು ಬಿಟ್ಟು ಬೇರೆ ಏನೂ ಬೇಡ. ಬಾಟಲಿ ಒಂದೇ ಸಲ ಕಿತ್ತುಕೊಂಡರೆ ಮನೆಯವರಿಗೆಲ್ಲ ನಿದ್ದೆ ಹೋಗುತ್ತದೆ. ಮೊದಲು ಸಕ್ಕರೆ ಬಿಡಿಸಿ. ಆಮೇಲೆ ದಿನಾ ಸ್ವಲ್ಪ ಸ್ವಲ್ಪ ನೀರು ಜಾಸ್ತಿ ಮಾಡುತ್ತಾ ಹೋಗಿ, ಕೊನೆಗೆ ಬಾಟಲಿಯಲ್ಲಿ ಬರೀ ನೀರೇ ಇರಲಿ. ಬರೀ ನೀರಾದ ಮೇಲೆ ಮಕ್ಕಳು ತಾವಾಗಿಯೇ ಬಿಡುತ್ತಾರೆ.

ಎದೆಹಾಲನ್ನು ಹೆದರಿ ನಿಲ್ಲಿಸಬೇಡಿ. ಎರಡು ವರ್ಷ ಮತ್ತು ಅದರಾಚೆಗೂ ಕೊಡಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಆದರೆ ವರ್ಷ ದಾಟಿದ ಮಗು ರಾತ್ರಿಯಿಡೀ ಚೀಪುತ್ತಾ ಮಲಗಿದರೆ, ಹಗಲು ಸಿಹಿಯನ್ನೂ ತಿನ್ನುತ್ತಿದ್ದರೆ, ಹುಳುಕಿನ ಅಪಾಯ ಜಾಸ್ತಿ. ಕುಡಿದು ಮುಗಿದ ಮೇಲೆ ಬಾಯಿಂದ ಬಿಡಿಸಿ, ಒದ್ದೆ ಬಟ್ಟೆಯನ್ನು ಬೆರಳಿಗೆ ಸುತ್ತಿ ಮೇಲಿನ ಹಲ್ಲು ಒರೆಸಿ. ರಾತ್ರಿಯ ಸಲಗಳನ್ನು ನಿಧಾನವಾಗಿ ಕಡಿಮೆ ಮಾಡಿ.

ಸಿಹಿ ವಿಷಯದಲ್ಲಿ ಮನೆಯವರಿಗೆ ಬೇಸರ ಆಗಬಹುದು, ಆದರೂ ಹೇಳುತ್ತೇನೆ. ಹಲ್ಲಿನ ಮಟ್ಟಿಗೆ ಬೆಲ್ಲ, ಜೋನಿ ಬೆಲ್ಲ, ಜೇನು, ಸಕ್ಕರೆ ಎಲ್ಲ ಒಂದೇ. (ಒಂದು ವರ್ಷದ ಒಳಗಿನ ಮಗುವಿಗೆ ಜೇನು ನೆಕ್ಕಿಸಲೇಬಾರದು, ಅದು ಹಲ್ಲಿನ ವಿಷಯವಲ್ಲ, ಬೊಟುಲಿಸಂ ಅನ್ನುವ ಬೇರೆಯೇ ಅಪಾಯ.) ಎಷ್ಟು ತಿಂದಳು ಅನ್ನುವುದಕ್ಕಿಂತ ಎಷ್ಟು ಸಲ ತಿಂದಳು ಅನ್ನುವುದು ಮುಖ್ಯ. ಒಂದು ಸಲ ಸಿಹಿ ತಿಂದರೆ ಬಾಯಿಯ ಆಮ್ಲ ಇಳಿಯಲು ಅರ್ಧ ಗಂಟೆಯಾದರೂ ಬೇಕು. ಕೈಯಲ್ಲಿ ಬಿಸ್ಕೆಟ್ ಹಿಡಿದು ಬೆಳಗೆಲ್ಲ ಚೀಪುವ ಮಗುವಿನ ಹಲ್ಲಿಗೆ ಆ ಅರ್ಧ ಗಂಟೆ ಸಿಗುವುದೇ ಇಲ್ಲ. ದೋಸೆಗೆ ಜೋನಿ ಬೆಲ್ಲ ಕೊಡುವುದಾದರೆ ತಿಂಡಿಯ ಜೊತೆಗೇ ಕೊಟ್ಟು ಮುಗಿಸಿ, ಮೇಲೆ ನೀರು ಕುಡಿಸಿ. ಮಧ್ಯೆ ಹಸಿವಾದರೆ ಬೇಯಿಸಿದ ಮೊಟ್ಟೆ, ಇಡ್ಲಿ ಚೂರು, ಸೌತೆಕಾಯಿ, ಗಟ್ಟಿ ಮೊಸರು ಕೊಡಿ. ಮಳೆಗಾಲದ ಕೆಮ್ಮಿನ ಸಿರಪ್‌ಗಳಲ್ಲೂ ಸಕ್ಕರೆ ಇರುತ್ತದೆ. ಸಕ್ಕರೆ ಇಲ್ಲದ್ದು ಇದೆಯಾ ಅಂತ ಮಕ್ಕಳ ಡಾಕ್ಟರನ್ನು ಕೇಳಿ. ಕೊಟ್ಟ ಮೇಲೆ ಹಲ್ಲು ಒರೆಸಿ.

ಇನ್ನೊಂದು. ಅನ್ನ ಬಿಸಿ ಇದೆಯಾ ಅಂತ ನಮ್ಮ ಬಾಯಿಗಿಟ್ಟು ಅದೇ ಚಮಚದಲ್ಲಿ ತಿನ್ನಿಸುವ ಅಭ್ಯಾಸ ಇದ್ದರೆ ಬಿಡಿ. ಹುಳುಕು ಮಾಡುವ ಬ್ಯಾಕ್ಟೀರಿಯಾ ದೊಡ್ಡವರ ಜೊಲ್ಲಿನಿಂದಲೇ ಮಕ್ಕಳಿಗೆ ದಾಟುತ್ತವೆ. ನಿಮಗೋ ಅತ್ತೆಗೋ ಹುಳುಕು ಹಲ್ಲಿದ್ದರೆ ಅದನ್ನೂ ತೋರಿಸಿ.

ಚಿಕಿತ್ಸೆ ಇವಳ ವಯಸ್ಸಿಗೂ ಇದೆ. ಮೊದಲ ಹುಟ್ಟುಹಬ್ಬದ ಒಳಗೇ ಒಮ್ಮೆ ತೋರಿಸಬೇಕು ಅನ್ನುವುದೇ ನಮ್ಮ ನಿಯಮ. ಬಿಳಿ ಗೆರೆಗೆ ಫ್ಲೋರೈಡ್ ವಾರ್ನಿಶ್ ಹಚ್ಚುತ್ತೇವೆ. ಸಣ್ಣ ಕುಂಚದಲ್ಲಿ ಬಳಿದರೆ ಆಯಿತು, ತೊಡೆಯ ಮೇಲೆ ಮಲಗಿಸಿಕೊಂಡೇ ಮಾಡಬಹುದು. ಮೂರರಿಂದ ಆರು ತಿಂಗಳಿಗೊಮ್ಮೆ ಮತ್ತೆ ಹಚ್ಚಬೇಕು. ಚುಕ್ಕೆಯ ಜಾಗ ಮೃದುವಾಗಿದ್ದರೆ ಸಿಲ್ವರ್ ಡೈಅಮೈನ್ ಫ್ಲೋರೈಡ್ ಅನ್ನುವ ಹನಿ ಇದೆ, ಕೊರೆಯದೆಯೇ ಹುಳುಕನ್ನು ಅಲ್ಲಿಗೇ ತಡೆಯುತ್ತದೆ. ಗುಂಡಿ ಬಿದ್ದಿದ್ದರೆ ಹಲ್ಲಿನ ಬಣ್ಣದ್ದೇ ಸಿಮೆಂಟ್ ತುಂಬಬಹುದು. ನರಕ್ಕೆ ಹೋಗಿದ್ದರೆ ಮಾತ್ರ ಬೇರಿನ ಚಿಕಿತ್ಸೆ, ಕ್ಯಾಪ್. ನೀವು ಆ ಹಂತಕ್ಕೆ ಹೋಗಿಲ್ಲ ಅಂತಲೇ ನನ್ನ ಅಂದಾಜು.

ಖರ್ಚಿನ ಯೋಚನೆ ಇದ್ದರೆ ಶಿವಮೊಗ್ಗದ ಡೆಂಟಲ್ ಕಾಲೇಜಿಗೆ ಹೋಗಿ ಮಕ್ಕಳ ವಿಭಾಗ ಎಲ್ಲಿ ಅಂತ ಕೇಳಿ. ಕಾಲೇಜು ಆಸ್ಪತ್ರೆಗಳಲ್ಲಿ ಖಾಸಗಿ ಕ್ಲಿನಿಕ್‌ಗಿಂತ ಕಡಿಮೆಗೆ ಆಗುತ್ತದೆ.

ಕೆನ್ನೆ ಅಥವಾ ಕಣ್ಣಿನ ಕೆಳಗೆ ಊತ, ಜ್ವರ, ಒಸಡಿನ ಮೇಲೆ ಕೀವಿನ ಗುಳ್ಳೆ ಕಂಡರೆ ಅಪಾಯಿಂಟ್‌ಮೆಂಟ್‌ಗೆ ಕಾಯದೆ ಅದೇ ದಿನ ಬನ್ನಿ. ನುಂಗಲು, ಉಸಿರಾಡಲು ಕಷ್ಟ ಪಟ್ಟರೆ ನೇರ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ.

ಸಾಗರದ ಅಜ್ಜಿ

ಡಾಕ್ಟ್ರು ಹೇಳಿದ್ದಕ್ಕೆ ನಾನು ಸೇರಿಸುವುದು ಏನೂ ಇಲ್ಲ. ಅತ್ತೆಯ ವಿಷಯ ಮಾತ್ರ ಹೇಳುತ್ತೇನೆ ಮಾರಾಯ್ತಿ, ನಾನೂ ಒಬ್ಬ ಅತ್ತೆ. "ಬಾಟಲಿ ಕೊಡಬೇಡಿ" ಅಂತ ಸೊಸೆ ಬಂದು ಹೇಳಿದರೆ ಯಾರಿಗಾದರೂ ಮುಖ ಸಣ್ಣಗಾಗುತ್ತದೆ. ರಾತ್ರಿ ಅಳುವ ಮಗುವನ್ನು ಸಂಭಾಳಿಸುವವರು ಅವರು. ಅವರನ್ನೂ ಡಾಕ್ಟ್ರ ಹತ್ತಿರ ಕರೆದುಕೊಂಡು ಹೋಗಿ. ತುಟಿ ಎತ್ತಿ ಹಲ್ಲನ್ನು ಅವರಿಗೇ ತೋರಿಸಲಿ. ನನಗೆ ನಮ್ಮ ಮೊಮ್ಮಗನ ಹಲ್ಲು ತೋರಿಸಿದ ಮೇಲೆ ಬೇರೆ ಯಾರೂ ಬುದ್ಧಿ ಹೇಳಬೇಕಾಗಲಿಲ್ಲ.

ಮಲಗಿಸುವುದಕ್ಕೆ ಬಾಟಲಿಯೇ ಬೇಕು ಅಂತಿಲ್ಲ. ನಾನು ಬೆನ್ನು ಸವರುತ್ತಾ ಕೊಟ್ಟಿಗೆಯ ದನಗಳ ಹೆಸರು ಒಂದೊಂದೇ ಹೇಳುತ್ತಿದ್ದೆ, ಯಾವುದು ಮಲಗಿತು, ಯಾವುದು ಇನ್ನೂ ಮೆಲುಕು ಹಾಕುತ್ತಿದೆ ಅಂತ. ಮೊದಲ ಕೆಲವು ರಾತ್ರಿ ಗಲಾಟೆ ಮಾಡಿದ, ಆಮೇಲೆ ಅದಕ್ಕೇ ಹೊಂದಿಕೊಂಡ.

ಅಂಗನವಾಡಿ ಟೀಚರ್, ತೀರ್ಥಹಳ್ಳಿ ತಾಲೂಕು

ನಮ್ಮ ಅಂಗನವಾಡಿಗಳಿಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೆ ಎರಡು ಸಲ ಬರುತ್ತದೆ. 2013ರಿಂದ ನಡೆಯುತ್ತಿರುವ ಯೋಜನೆ ಇದು. ಆರು ವರ್ಷದವರೆಗಿನ ಮಕ್ಕಳನ್ನು ಅಂಗನವಾಡಿಯಲ್ಲೇ ನೋಡುತ್ತಾರೆ, ಹಲ್ಲಿನ ಹುಳುಕೂ ಅವರ ಪಟ್ಟಿಯಲ್ಲಿದೆ. ಮಗು ಇನ್ನೂ ಅಂಗನವಾಡಿಗೆ ಬರುತ್ತಿಲ್ಲ ಅಂತ ಸುಮ್ಮನಿರಬೇಡಿ. ತಂಡ ಬರುವ ದಿನವನ್ನು ಟೀಚರ್ ಹತ್ತಿರ ಕೇಳಿಕೊಂಡು, ತಾಯಿ ಕಾರ್ಡ್ ಹಿಡಿದು ಕರೆದುಕೊಂಡು ಬನ್ನಿ. ಹುಳುಕು ಕಂಡರೆ ಮೇಲಿನ ಆಸ್ಪತ್ರೆಗೆ ಚೀಟಿ ಬರೆದುಕೊಡುತ್ತಾರೆ. ಆದರೆ ನಿಮ್ಮ ಮಗುವಿಗೆ ಆ ದಿನದವರೆಗೆ ಕಾಯಬೇಡಿ, ಈಗಲೇ ತೋರಿಸಿ.

ಹೊಸನಗರ ಕಡೆಯ ಅಮ್ಮ

ಎಲ್ಲರಿಗೂ ತುಂಬ ಥ್ಯಾಂಕ್ಸ್. ಡಾಕ್ಟ್ರೇ, ನೀವು ಹೇಳಿದ ಹಾಗೆ ಮಲಗಿಸಿಕೊಂಡು ಉಜ್ಜಿದೆವು. ಅಜ್ಜಿಯ ಮೂಗುಬೊಟ್ಟು ಹಿಡಿಯಲು ಹೋಗಿ ಅಳುವುದನ್ನೇ ಮರೆತಳು. ಟಾರ್ಚ್ ಬಿಟ್ಟು ನೋಡಿದೆ, ಕಂದು ಚುಕ್ಕೆಯ ಜಾಗ ಸ್ವಲ್ಪ ತಗ್ಗಾದಂತೆ ಕಾಣುತ್ತದೆ. ಬರುವ ಸೋಮವಾರ ಅತ್ತೆಯನ್ನೂ ಕರೆದುಕೊಂಡು ಶಿವಮೊಗ್ಗಕ್ಕೆ ಹೋಗುತ್ತಿದ್ದೇವೆ.

ಒಂದು ಅನುಮಾನ. ಆ ಸಿಲ್ವರ್ ಹನಿ ಹಾಕಿದರೆ ಹಲ್ಲು ಕಪ್ಪಾಗುತ್ತದೆ ಅಂತ ನನ್ನ ತಂಗಿ ಹೇಳಿದಳು. ಮುಂದಿನ ಹಲ್ಲು, ಹೆಣ್ಣುಮಗು ಅಂತ ಮನೆಯಲ್ಲಿ ಯೋಚನೆ ಶುರುವಾಗಿದೆ. ಮುಂದೆ ಬರುವ ಹಲ್ಲೂ ಕಪ್ಪಾಗುತ್ತದಾ?

ಮಕ್ಕಳ ಹಲ್ಲಿನ ಡಾಕ್ಟರ್, ಶಿವಮೊಗ್ಗ

ತಂಗಿ ಹೇಳಿದ್ದು ನಿಜ. ಹುಳುಕಾದ ಜಾಗ ಮಾತ್ರ ಕಪ್ಪಾಗುತ್ತದೆ, ಆ ಹಲ್ಲು ಬೀಳುವವರೆಗೂ ಕಪ್ಪಾಗಿಯೇ ಇರುತ್ತದೆ. ಚೆನ್ನಾಗಿರುವ ಭಾಗಕ್ಕೆ ಬಣ್ಣ ಹಿಡಿಯುವುದಿಲ್ಲ. ಕೆಳಗಿನಿಂದ ಬರುವ ಶಾಶ್ವತ ಹಲ್ಲಿಗೆ ಏನೂ ಆಗುವುದಿಲ್ಲ, ಅದು ತನ್ನ ಬಣ್ಣದಲ್ಲೇ ಬರುತ್ತದೆ. ತುಟಿಗೆ ತಾಗಿದರೆ ಕಲೆ ಆಗುತ್ತದೆ, ಕೆಲವು ದಿನದಲ್ಲಿ ತಾನಾಗಿಯೇ ಹೋಗುತ್ತದೆ.

ನಿಮ್ಮ ಮಗಳದು ಸಾಸಿವೆ ಕಾಳಿನಷ್ಟು ಜಾಗ, ನಗುವಾಗ ತುಟಿಯ ಮರೆಯಲ್ಲೇ ಇರುವಂಥದ್ದು. ಕೂತು ಮಾಡಿಸಿಕೊಳ್ಳುವಷ್ಟು ಸಹಕರಿಸಿದರೆ ಸಿಮೆಂಟನ್ನೇ ತುಂಬಬಹುದು. ತೀರಾ ಅತ್ತರೆ ಈಗ ಹನಿ ಹಾಕಿ ಹುಳುಕನ್ನು ನಿಲ್ಲಿಸಿ, ಮೂರು ವರ್ಷದ ಹೊತ್ತಿಗೆ ಅದರ ಮೇಲೆಯೇ ಬಿಳಿ ಸಿಮೆಂಟ್ ಹಾಕಿ ಕಪ್ಪು ಮುಚ್ಚಬಹುದು. ಯಾವುದು ಅಂತ ನೋಡುವ ಡಾಕ್ಟರ್ ಜೊತೆ ಕೂತು ತೀರ್ಮಾನಿಸಿ. ಬಣ್ಣದ ಚಿಂತೆಗೆ ಚಿಕಿತ್ಸೆಯನ್ನೇ ಮುಂದಕ್ಕೆ ಹಾಕುವುದು ಮಾತ್ರ ಬೇಡ.

ಸೋಮವಾರ ಬೆಳಗಿನ ಹೊತ್ತೇ ಹೋಗಿ, ನಿದ್ದೆ ಮುಗಿಸಿ ಎದ್ದ ಮಗು ಚೆನ್ನಾಗಿ ಸಹಕರಿಸುತ್ತದೆ. ಹೊಟ್ಟೆ ತುಂಬ ತಿನ್ನಿಸಿ, ಹಲ್ಲುಜ್ಜಿ ಹೊರಡಿ. ವಾರ್ನಿಶ್ ಹಚ್ಚಿದ ಮೇಲೆ ಕೆಲವು ಗಂಟೆ ಗಟ್ಟಿ ಪದಾರ್ಥ, ಬಿಸಿ ಪದಾರ್ಥ ಕೊಡುವ ಹಾಗಿಲ್ಲ, ಆ ಒಂದು ರಾತ್ರಿ ಮಾತ್ರ ಬ್ರಷ್ ಕೂಡ ಬೇಡ. ದಾರಿಗೆ ಮೊಸರನ್ನ ಕಟ್ಟಿಕೊಳ್ಳಿ. ಈಗ ಕೊಡುತ್ತಿರುವ ಔಷಧಿ, ಸಿರಪ್ ಬಾಟಲಿಗಳನ್ನೂ ಚೀಲಕ್ಕೆ ಹಾಕಿಕೊಳ್ಳಿ. "ಸೂಜಿ ಚುಚ್ಚುವುದಿಲ್ಲ, ಹೆದರಬೇಡ" ಅಂತ ಮನೆಯಲ್ಲೇ ಹೇಳಿ ಹೆದರಿಸಬೇಡಿ, "ಹಲ್ಲು ಎಣಿಸುತ್ತಾರೆ" ಅನ್ನಿ ಸಾಕು.